ರಜಾದಿನದ ತಿರುಗಾಟವೂ ಕನ್ನಡದ ಪಾಠವೇ

ಓಣಂ, ಕ್ರಿಸ್‌ಮಸ್ ಮತ್ತು ಬೇಸಗೆ: ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ವರ್ಷದಲ್ಲಿ ದೊರೆಯುವ ದೀರ್ಘ ರಜೆಗಳು ಮೂರು. ಕಡಲತೀರ, ಮಾಲ್, ಸಿನಿಮಾ, ನೆಂಟರ ಮನೆ ಎಂದು ಕುಟುಂಬಗಳು ಹೊರಡುವುದು ಸಹಜ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಪ್ರತಿ ರಜೆಯಲ್ಲಿ ಒಂದು ದಿನವನ್ನಾದರೂ ನಮ್ಮ ನೆಲದ ಕೋಟೆ, ಸ್ಮಾರಕ, ಸಂಗ್ರಹಾಲಯ ಅಥವಾ ಒಂದು ಬಯಲಾಟಕ್ಕಾಗಿ ಮೀಸಲಿಡಬೇಕೆಂದು ಹೆತ್ತವರಲ್ಲಿ ವಿನಂತಿಸುತ್ತೇವೆ. ಅದಕ್ಕೆ ಕಾರಣವಿದೆ.

ನಮ್ಮ ಮಕ್ಕಳ ಮನೆಮಾತು ತುಳು, ಕೊಂಕಣಿ, ಹವ್ಯಕ ಕನ್ನಡ, ಕರಾಡ, ಬ್ಯಾರಿ, ಮಲಯಾಳ ಹೀಗೆ ಹಲವು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಹೆಚ್ಚಾಗಿ ಕಿವಿಗೆ ಬೀಳುವುದು ಮಲಯಾಳ. ಹೀಗಾಗಿ ಕನ್ನಡವು ಪಠ್ಯಪುಸ್ತಕ ಮತ್ತು ಪರೀಕ್ಷೆಗಳ ನಡುವೆ ಸಿಕ್ಕಿಕೊಳ್ಳುವ ಅಪಾಯವಿದೆ. ತರಗತಿಯ ಹೊರಗೆ ಬಳಕೆಯಿಲ್ಲದ ಭಾಷೆಯು ಮಗುವಿಗೆ ಗಣಿತ, ವಿಜ್ಞಾನಗಳಂತೆ ಇನ್ನೊಂದು ವಿಷಯವಾಗಿ ಉಳಿಯುತ್ತದೆ. ವರ್ಷ ಮುಗಿದ ಮೇಲೆ ಬಿಟ್ಟುಬಿಡಬಹುದಾದ ವಿಷಯವೂ ಆಗುತ್ತದೆ.

ಕೋಟೆಯ ಬಳಿ ಕೇಳಬೇಕಾದ ಪ್ರಶ್ನೆ

ಬೇಕಲ ಕೋಟೆಗೆ ಹೋಗದವರು ನಮ್ಮಲ್ಲಿ ವಿರಳ. ಅಲ್ಲಿ ಛಾಯಾಚಿತ್ರ ತೆಗೆಸಿಕೊಂಡು ಮರಳುವವರೇ ಅಧಿಕ. ನಲುವತ್ತು ಎಕರೆಗಳಷ್ಟು ವಿಸ್ತಾರದ ಈ ಕೋಟೆಯನ್ನು 17ನೆಯ ಶತಮಾನದ ಮಧ್ಯಭಾಗದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ. ಕೆಳದಿಯಿರುವುದು ಇಂದಿನ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ. ಘಟ್ಟದ ಮೇಲಿನ ಅರಸನಿಗೆ ಇಷ್ಟು ದೂರದ ಕಡಲಂಚಿನಲ್ಲಿ ಕೋಟೆ ಏಕೆ ಬೇಕಾಯಿತು? ಈ ಪ್ರಶ್ನೆಯನ್ನು ದಾರಿಯಲ್ಲಿಯೇ ಮಕ್ಕಳ ಮುಂದಿಡಿ. ಘಟ್ಟದ ಕರಿಮೆಣಸು, ಕರಾವಳಿಯ ಅಕ್ಕಿ, ಅವುಗಳನ್ನು ಅರಸಿ ಬಂದ ವಿದೇಶಿ ಹಡಗುಗಳು, ಬಂದರುಗಳ ಹಿಡಿತಕ್ಕಾಗಿ ನಡೆದ ಪೈಪೋಟಿ: ಒಂದೊಂದಾಗಿ ಉತ್ತರಗಳು ತೆರೆದುಕೊಳ್ಳುತ್ತವೆ.

ಕೋಟೆಯ ಹೊರಗೋಡೆಯಲ್ಲಿ ಬೇರೆಬೇರೆ ಎತ್ತರಗಳಲ್ಲಿ ರಂಧ್ರಗಳಿವೆ. ಮೇಲಿನವು ದೂರದ ಗುರಿಗೆ, ನಡುವಿನವು ಅದಕ್ಕಿಂತ ಹತ್ತಿರದ್ದಕ್ಕೆ, ಕೆಳಗಿನವು ಗೋಡೆಯ ಬುಡಕ್ಕೇ ಬಂದ ಶತ್ರುವಿಗೆ. ಇದನ್ನು ಮೊದಲೇ ಹೇಳಿಬಿಡಬೇಡಿ. ಒಂದೊಂದು ರಂಧ್ರದಿಂದ ಏನು ಕಾಣುತ್ತದೆಂದು ಮಕ್ಕಳೇ ಬಗ್ಗಿ ನೋಡಿ ಹೇಳಲಿ. ಬುರುಜು, ಕಂದಕ, ಮದ್ದಿನ ಮನೆ ಎಂಬ ಪದಗಳನ್ನು ಸಮಾಜ ಪಾಠದಲ್ಲಿ ಬಾಯಿಪಾಠ ಮಾಡಿದ ಮಗು ಆ ಪದಗಳ ಎದುರಿಗೇ ನಿಲ್ಲುವ ಅವಕಾಶ ಇಲ್ಲಿದೆ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲವೆಂಬುದನ್ನೂ ಹೆತ್ತವರು ತಿಳಿದಿರಬೇಕು.

ಮಂಜೇಶ್ವರದ ಮನೆ

ಮಂಜೇಶ್ವರ ಗೋವಿಂದ ಪೈಗಳ ನಿವಾಸವು ಇಂದು ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. 1930ರಲ್ಲಿ ಬಂದ ಅವರ ಕವನ ಸಂಕಲನದ ಹೆಸರೇ ಸ್ಮಾರಕಕ್ಕೂ ಬಂದಿದೆ. 1883ರಲ್ಲಿ ಜನಿಸಿದ ಪೈಗಳ ಮನೆಮಾತು ಕೊಂಕಣಿ. ಬಲ್ಲ ಭಾಷೆಗಳು ಅನೇಕ. ಬರೆದು ಬಾಳಿದ್ದು ಕನ್ನಡದಲ್ಲಿ. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿಯೂ ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿಯೂ ಚಿತ್ರಿಸಿದರು. ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವಿಗೆ ಕನ್ನಡ ತನ್ನದಲ್ಲವೇನೋ ಎಂಬ ಅಳುಕಿದ್ದರೆ ಈ ಮನೆಯನ್ನು ತೋರಿಸುವುದಕ್ಕಿಂತ ಒಳ್ಳೆಯ ಮದ್ದು ಬೇರಿಲ್ಲ.

1949ರಲ್ಲಿ ಪೈಗಳಿಗೆ ರಾಷ್ಟ್ರಕವಿ ಪದವಿಯನ್ನಿತ್ತದ್ದು ಮದರಾಸು ಸರಕಾರ. ‘ಮದರಾಸಿನವರು ಏಕೆ ಕೊಟ್ಟರು?’ ಎಂದು ಮಗು ಕೇಳಿದರೆ ನಮ್ಮ ಊರಿನ ಚರಿತ್ರೆಯ ಬಾಗಿಲು ತೆರೆಯಿತೆಂದೇ ತಿಳಿಯಿರಿ. ಆಗ ಮಂಜೇಶ್ವರವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಗಡಿ ಸರಿಯಿತು, ಇಲ್ಲಿದ್ದ ಕನ್ನಡ ಇಲ್ಲಿಯೇ ಉಳಿಯಿತು.

ಎಲ್ಲರೂ ಕೂಡಿ ನೋಡುವ ಆಟ

ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು ಕುಂಬಳೆ. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಡುವ ಮೇಳಗಳು ಮೇ ತಿಂಗಳ ಪತ್ತನಾಜೆಯವರೆಗೆ ಆಡುತ್ತವೆ. ಇಲ್ಲಿ ಭಾಗವತರು ಹಾಡುವ ಪದ್ಯ ಮಾತ್ರ ಬರೆದಿಟ್ಟದ್ದು. ವೇಷಧಾರಿಯ ಮಾತು ಆಯಾ ರಾತ್ರಿ ರಂಗದಲ್ಲೇ ಹುಟ್ಟುತ್ತದೆ. ತುಳುವರು, ಕೊಂಕಣಿಗರು, ಮಲಯಾಳಿಗಳು ಒಂದೇ ಚಾಪೆಯಲ್ಲಿ ಕುಳಿತು ಹೀಗೆ ಹುಟ್ಟಿದ ಕನ್ನಡವನ್ನು ಸವಿಯುವ ಜಾಗ ನಮ್ಮಲ್ಲಿ ಇನ್ನೊಂದಿಲ್ಲ.

ಚಿಕ್ಕ ಮಕ್ಕಳಿರುವವರು ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಆಟವನ್ನು ಆರಿಸಿಕೊಳ್ಳಿ. ಪ್ರಸಂಗದ ಕಥೆಯನ್ನು ಹಿಂದಿನ ದಿನವೇ ಹೇಳಿರಿ. ಮೇಳದವರ ಅನುಮತಿ ಪಡೆದು ಮಕ್ಕಳನ್ನು ಚೌಕಿಗೆ ಕರೆದೊಯ್ಯಿರಿ: ಅಕ್ಕಿ ಹಿಟ್ಟು ಮತ್ತು ಸುಣ್ಣ ಕಲಸಿ ಬಣ್ಣದ ವೇಷದ ಮುಖದ ಮೇಲೆ ಚುಟ್ಟಿಯಿಡುವ ತಾಳ್ಮೆಯನ್ನು ನೋಡಿದ ಮಗು ರಂಗದ ರಕ್ಕಸನಿಗೆ ಹೆದರುವುದಿಲ್ಲ. ಪ್ರೌಢಶಾಲೆಯ ಮಕ್ಕಳಿಗೆ ವೇಷವಿಲ್ಲದ, ಮಾತೇ ಸರ್ವಸ್ವವಾದ ತಾಳಮದ್ದಳೆ ಒಳ್ಳೆಯದು.

ಫಲಕದಲ್ಲಿ ಕನ್ನಡವಿಲ್ಲದಿದ್ದರೆ?

ಗಡಿಯ ಊರುಗಳಲ್ಲಿ ಈ ಪ್ರಶ್ನೆ ಎದುರಾಗುತ್ತಲೇ ಇರುತ್ತದೆ. ವಯನಾಡಿನ ಅಂಬಲವಯಲಿನ ಸಂಗ್ರಹಾಲಯದಲ್ಲಿ ವೀರಗಲ್ಲುಗಳನ್ನು ನೋಡುವವರಿಗೂ ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವನ್ನು ನೋಡುವವರಿಗೂ ಇದು ಅನ್ವಯಿಸುತ್ತದೆ. ಎರಡು ದಾರಿಗಳಿವೆ.

ಮೊದಲನೆಯದು, ಹೆತ್ತವರೇ ಫಲಕವಾಗುವುದು. ಬೇರೆ ಭಾಷೆಯಲ್ಲಿ ಬರೆದುದನ್ನು ಓದಿ ಕನ್ನಡದಲ್ಲಿ ಹೇಳಿರಿ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಲಿ.

ಎರಡನೆಯದು, ಕೇಳುವುದು. ಯಾವುದೇ ಅಧಿಕಾರಿಗೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿಯು ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ಪತ್ರವ್ಯವಹಾರ ನಡೆಸಲು ಅವಕಾಶವಿತ್ತಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕನ್ನಡ ಫಲಕ ಬೇಕೆಂದು ಏಳನೆಯ ತರಗತಿಯ ಮಗು ಬರೆಯುವ ನಾಲ್ಕು ಸಾಲಿನ ಪತ್ರವು ಮನವಿಯೂ ಹೌದು, ಪತ್ರಲೇಖನದ ನಿಜವಾದ ಅಭ್ಯಾಸವೂ ಹೌದು.

ಶಾಲೆ ಮತ್ತೆ ತೆರೆದಾಗ ಮಕ್ಕಳು ತಾವು ಕಂಡ ಒಂದು ವಸ್ತುವಿನ ಬಗೆಗೆ ಅಂಚೆಕಾರ್ಡಿನಷ್ಟು ಕಾಗದದಲ್ಲಿ ಕನ್ನಡ ಫಲಕ ಬರೆದು ತರಲಿ. ಹೊರಗೆ ಹೋಗಲಾಗದ ಮನೆಗಳ ಮಕ್ಕಳು ಅಟ್ಟದ ಮೇಲಿನ ಸೇರು, ಕಳಸೆ, ಹಾಳೆಟೊಪ್ಪಿಗಳಲ್ಲಿ ಒಂದನ್ನು ಆರಿಸಿ ಅಜ್ಜಿಯನ್ನು ಕೇಳಿ ಬರೆಯಲಿ. ಮೇಲೆ ಮನೆಮಾತಿನ ಹೆಸರು, ಕೆಳಗೆ ಕನ್ನಡದ ವಿವರಣೆ. ತರಗತಿಯ ಒಂದು ಗೋಡೆಯನ್ನು ಅದಕ್ಕಾಗಿ ಬಿಟ್ಟುಕೊಡಲು ಅಧ್ಯಾಪಕರಾದ ನಾವು ಸಿದ್ಧರಿದ್ದೇವೆ.