ರಿಪೇರಿಯಾದ ಟ್ರಾಕ್ಟರಿನ ವಾಸನೆ: ಕಾರಣ ತಿಳಿಯುವ ಬಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಮಳೆಯಾಶ್ರಿತ ಬೇಸಾಯದಲ್ಲಿ ಮಳೆಯ ಹದ ಆರುವುದರೊಳಗೆ ಬಿತ್ತನೆ ಮುಗಿಯಬೇಕು. ಆದ್ದರಿಂದ ಅನೇಕ ರೈತರು ಬೇಸಿಗೆಯಲ್ಲಿಯೇ ಟ್ರಾಕ್ಟರಿನ ಕ್ಲಚ್ಚು, ಗೇರ್ ಪೆಟ್ಟಿಗೆಗಳನ್ನು ರಿಪೇರಿ ಮಾಡಿಸಿಕೊಳ್ಳುತ್ತಾರೆ. ರಿಪೇರಿಯಾಗಿ ಬಂದ ಟ್ರಾಕ್ಟರು ಹಿಂದೆ ಇಲ್ಲದ ವಾಸನೆ ಬೀರತೊಡಗಿದರೆ ಏನು ಮಾಡಬೇಕು? ಕೆಲವರು ಗಾಬರಿಯಾಗಿ ಮತ್ತೆ ಬಿಚ್ಚಿಸುತ್ತಾರೆ. ಇನ್ನು ಕೆಲವರು ಹೊಸ ಎಣ್ಣೆಯ ವಾಸನೆಯೆಂದು ಅಲಕ್ಷಿಸಿ, ಹೊಸ ಕ್ಲಚ್ ತಟ್ಟೆಯನ್ನೇ ಸುಟ್ಟುಕೊಳ್ಳುತ್ತಾರೆ. ಕ್ಲಚ್ಚನ್ನು ನೋಡಬೇಕಾದರೆ ಟ್ರಾಕ್ಟರನ್ನು ನಡುವೆ ಎರಡು ಭಾಗ ಮಾಡಬೇಕಾಗುತ್ತದೆ. ಖರ್ಚಿನ ಜೊತೆಗೆ ಹದವೂ ಕೈತಪ್ಪುತ್ತದೆ. ಆದ್ದರಿಂದ ಬಿಚ್ಚುವ ಮೊದಲು ವಾಸನೆ ಯಾವ ದ್ರವದ್ದು, ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು.

ವಾಸನೆಯ ಬಗೆಗಳು

1. ಗಂಧಕದ ವಾಸನೆ: ಹಲ್ಲುಚಕ್ರಗಳು ಸವೆಯದಿರಲೆಂದು ಗೇರ್ ಎಣ್ಣೆಗೆ ಗಂಧಕ, ರಂಜಕಗಳ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಹೊಸ ಎಣ್ಣೆ ಹಾಕಿದಾಗ ಈ ವಾಸನೆ ಸಹಜ. ಹೊರಗೆ ಚೆಲ್ಲಿದ್ದು ಆರಿದಂತೆ ಅದು ಕಡಿಮೆಯಾಗುತ್ತದೆ. ದಿನೇ ದಿನೇ ಹೆಚ್ಚಿದರೆ ಸೋರಿಕೆ ಇದೆಯೆಂದು ತಿಳಿಯಬೇಕು.

2. ಕೊಳೆತ ಮೊಟ್ಟೆಯ ವಾಸನೆ: ಇದನ್ನು ಗೇರ್ ಎಣ್ಣೆಯದೆಂದು ತಪ್ಪು ತಿಳಿಯುವುದುಂಟು. ಬ್ಯಾಟರಿ ಅತಿಯಾಗಿ ಚಾರ್ಜ್ ಆದಾಗಲೂ ಇಂಥ ವಾಸನೆ ಬರುತ್ತದೆ. ಬ್ಯಾಟರಿ ಬಿಸಿಯಾಗಿದ್ದರೆ ಇಲ್ಲವೆ ಉಬ್ಬಿದ್ದರೆ ಕೂಡಲೇ ಎಂಜಿನ್ ನಿಲ್ಲಿಸಬೇಕು. ಅದರಿಂದ ಹೊರಡುವ ಜಲಜನಕ ಸ್ಫೋಟಿಸಬಲ್ಲದು. ಹತ್ತಿರ ಬೀಡಿ, ಕಡ್ಡಿ ಗೀರಬಾರದು. ಎಂಜಿನ್ ಓಡುವಾಗ 12 ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. 15 ದಾಟಿದರೆ ಚಾರ್ಜಿಂಗ್ ವ್ಯವಸ್ಥೆಯಲ್ಲಿ ದೋಷವಿದೆ.

3. ಸುಟ್ಟ ವಾಸನೆ: ಕೆಲಸದ ವೇಳೆ ಹೊಗೆಕೊಳವೆಯ ಮೇಲೆ ಚೆಲ್ಲಿದ ಎಣ್ಣೆ ಸುಟ್ಟರೆ ನೀಲಿ ಹೊಗೆ ಎದ್ದು ಬೇಗನೆ ನಿಲ್ಲುತ್ತದೆ. ಹೊರೆ ಬಿದ್ದಾಗ ಮಾತ್ರ ಕಟುವಾದ ಸುಟ್ಟ ವಾಸನೆ ಬಂದು, ಎಂಜಿನ್ ವೇಗ ಏರಿದರೂ ಗಾಲಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ.

4. ಸಿಹಿ ವಾಸನೆ: ರೇಡಿಯೇಟರಿನ ಶೀತಕ ದ್ರವ ಸೋರುತ್ತಿರಬಹುದು. ಇದರಲ್ಲಿ ಸಾಮಾನ್ಯವಾಗಿ ಇರುವ ಎಥಿಲಿನ್ ಗ್ಲೈಕಾಲ್ ವಿಷ. ರುಚಿಯಾದ್ದರಿಂದ ನಾಯಿ, ದನಕರುಗಳು ನೆಕ್ಕಿ ಸಾಯಬಹುದು.

ಪತ್ತೆ ಮಾಡುವ ವಿಧಾನ

ಟ್ರಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಕೊಡಿ. ಎಂಜಿನ್ ತಣಿದ ಮೇಲೆ ಕೆಳಭಾಗದ ಹಳೆಯ ಎಣ್ಣೆ, ಮಣ್ಣುಗಳನ್ನು ತೊಳೆದು ಒರೆಸಿ ಆರಿಸಿ. ಅನಂತರ ಅರ್ಧ ಗಂಟೆ ಕೆಲಸ ಮಾಡಿಸಿ, ರಾತ್ರಿ ಅಡಿಯಲ್ಲಿ ಬಿಳಿ ಕಾಗದ ಹಾಸಿ ನಿಲ್ಲಿಸಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆಯೆಂದು ನೋಡಿ.

ಆ ಹನಿಯನ್ನು ಒಂದು ಬಟ್ಟಲು ನೀರಿಗೆ ಹಾಕಿ. ಎಂಜಿನ್ ಎಣ್ಣೆ, ಗೇರ್ ಎಣ್ಣೆ, ಡೀಸೆಲ್ ತೇಲುತ್ತವೆ. ಶೀತಕ ದ್ರವ ಮತ್ತು ಸಾಮಾನ್ಯ ಬ್ರೇಕ್ ದ್ರವ ನೀರಿನಲ್ಲಿ ಬೆರೆಯುತ್ತವೆ. ತೇಲಿದ್ದು ಕಪ್ಪಾಗಿದ್ದರೆ ಹೆಚ್ಚಾಗಿ ಎಂಜಿನ್ ಎಣ್ಣೆ. ಹೊಂಬಣ್ಣದ್ದಾಗಿ ದಪ್ಪಗಿದ್ದು ಗಂಧಕದ ವಾಸನೆ ಇದ್ದರೆ ಗೇರ್ ಎಣ್ಣೆ. ಹನಿಯ ರುಚಿ ನೋಡಬಾರದು.

ಕ್ಲಚ್ ಕೋಶದ ರಂಧ್ರ

ಒಣ ಕ್ಲಚ್ ಇರುವ ಅನೇಕ ಟ್ರಾಕ್ಟರುಗಳಲ್ಲಿ ಕ್ಲಚ್ ಕೋಶದ ತಳಕ್ಕೆ ಸಣ್ಣ ರಂಧ್ರವಿದ್ದು, ಅದರಲ್ಲಿ ಸ್ಪ್ಲಿಟ್ ಪಿನ್ ತೂಗುತ್ತಿರುತ್ತದೆ. ಒಳಗೆ ಸೋರಿದ ಎಣ್ಣೆ ಹೊರಬರಲೆಂದೇ ಈ ಏರ್ಪಾಡು. ಇಲ್ಲಿ ಕಪ್ಪು ಎಣ್ಣೆ ತೊಟ್ಟಿಕ್ಕಿದರೆ ಎಂಜಿನ್ನಿನ ಹಿಂದಿನ ಸೀಲ್, ಗೇರ್ ಎಣ್ಣೆ ಬಂದರೆ ಗೇರ್ ಪೆಟ್ಟಿಗೆಯ ಮುಂದಿನ ಸೀಲ್ ಸೋರುತ್ತಿದೆ. ಎರಡರಲ್ಲಿ ಯಾವುದಾದರೂ ತಟ್ಟೆಗೆ ಎಣ್ಣೆ ತಗುಲಿ ಕ್ಲಚ್ ಜಾರುತ್ತದೆ, ಆಗ ಬಿಚ್ಚಲೇಬೇಕು. ರಂಧ್ರ ಒಣಗಿದ್ದು ಕ್ಲಚ್ ಮಾತ್ರ ವಾಸನೆ ಬೀರಿದರೆ ಮೊದಲು ಪೆಡಲಿನ ಬಿಡುವನ್ನು ಕೈಪಿಡಿಯಂತೆ ಸರಿಪಡಿಸಿ. ಬಿಚ್ಚುವ ಅಗತ್ಯವೇ ಬಾರದಿರಬಹುದು. ಉಳುವಾಗ ಪೆಡಲಿನ ಮೇಲೆ ಕಾಲಿಟ್ಟಿರಬಾರದು. ವಾಣಿವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿ ಕೆಸರು ಮಾಡುವವರು ಈ ರಂಧ್ರವನ್ನು ಮುಚ್ಚಿದ್ದರೆ, ಕೆಲಸ ಮುಗಿದ ಕೂಡಲೇ ತೆರೆಯಬೇಕು. ಮಣ್ಣು ಕಟ್ಟಿಕೊಂಡಿದ್ದರೂ ಬಿಡಿಸಬೇಕು.

ಎಣ್ಣೆಯ ಆಯ್ಕೆ

ಅನೇಕ ಟ್ರಾಕ್ಟರುಗಳಲ್ಲಿ ಗೇರ್, ಹೈಡ್ರಾಲಿಕ್, ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೆ ಒಂದೇ ಎಣ್ಣೆ. ಇಂಥವುಗಳಿಗೆ ಕೇವಲ ಗೇರಿಗೆಂದು ಮಾಡಿದ ಎಣ್ಣೆ ಹಾಕಿದರೆ ಬ್ರೇಕ್ ಕೆಡಬಹುದು. ಮೆಕ್ಕೆಜೋಳ ತುಂಬಿದ ಟ್ರೈಲರು ಇಳಿಜಾರಿನಲ್ಲಿರುವಾಗ ಇದು ಪ್ರಾಣಕ್ಕೇ ಅಪಾಯ. ಆದ್ದರಿಂದ ಡಬ್ಬಿಯ ಮೇಲಿನ ದರ್ಜೆಯನ್ನು ಕೈಪಿಡಿಯೊಂದಿಗೆ ಹೋಲಿಸಿ ನೋಡಿ. ಅಳತೆಕಡ್ಡಿಯಲ್ಲಿ ಎಣ್ಣೆ ಹಾಲಿನಂತೆ ಕಂಡರೆ ನೀರು ಸೇರಿದೆ, ಬದಲಿಸಬೇಕು.

ಎಚ್ಚರಿಕೆ

ಜಾಕಿಯೊಂದನ್ನೇ ನಂಬಿ ಟ್ರಾಕ್ಟರಿನ ಅಡಿಗೆ ಹೋಗಬಾರದು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ತಿರುಗುವ ಪಿ.ಟಿ.ಓ. ಹತ್ತಿರ ಸಡಿಲ ಬಟ್ಟೆಯಲ್ಲಿ ನಿಲ್ಲಬಾರದು.

ರಿಪೇರಿಯ ದಿನಾಂಕ, ಬದಲಿಸಿದ ಸೀಲುಗಳು, ಹಾಕಿದ ಎಣ್ಣೆಯ ಹೆಸರು ಮತ್ತು ಪ್ರಮಾಣಗಳನ್ನು ಪುಸ್ತಕದಲ್ಲಿ ಬರೆದಿಡಿ. ಮುಂದೆ ಮೆಕ್ಯಾನಿಕನ ಬಳಿ ಹೋಗುವಾಗ ಆ ಪುಸ್ತಕವನ್ನೂ ಹನಿ ಬಿದ್ದ ಕಾಗದವನ್ನೂ ಒಯ್ದರೆ, ದೋಷ ಬೇಗ ಸಿಕ್ಕುತ್ತದೆ, ಹಣ ಉಳಿಯುತ್ತದೆ, ಬಿತ್ತನೆಯೂ ಹದಕ್ಕೆ ಸರಿಯಾಗಿ ನಡೆಯುತ್ತದೆ.