ಪ್ರಾದೇಶಿಕ ವಿಮಾನ ನಿಲ್ದಾಣಗಳ ವಿಸ್ತರಣೆ: ಪ್ರವಾಸೋದ್ಯಮ ಮತ್ತು ಸ್ಥಳೀಯ ಉದ್ಯೋಗ

ಯಾವುದಾದರೊಂದು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವು ಸ್ಥಾಪಿತವಾದರೆ, ಅಥವಾ ಇದ್ದ ನಿಲ್ದಾಣವು ವಿಸ್ತಾರಗೊಂಡರೆ, ಅದರ ಬೆನ್ನಿಗೇ ಪ್ರವಾಸಿಗರೂ ಉದ್ಯೋಗಗಳೂ ಬರುವುವೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಶಂಕುಸ್ಥಾಪನೆಯ ಭಾಷಣಗಳಿಗೂ, ಭೂಮಿಯನ್ನು ಬಿಟ್ಟುಕೊಡುವ ರೈತರಿಗೆ ಹೇಳುವ ಸಮಾಧಾನದ ಮಾತುಗಳಿಗೂ ಈ ನಂಬಿಕೆಯೇ ಆಧಾರ. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ರನ್‌ವೇಯಿಂದ ಹೋಟೆಲಿನ ಕೋಣೆಗೆ, ಅಲ್ಲಿಂದ ಊರಿನ ಯುವಕನ ಸಂಬಳಕ್ಕೆ ಹೋಗುವ ದಾರಿ ನೇರವಾದುದಲ್ಲ. ನಡುವೆ ಹಲವು ಮೆಟ್ಟಿಲುಗಳಿವೆ. ಅವುಗಳಲ್ಲಿ ಒಂದು ಕುಸಿದರೂ ಮುಂದಿನದು ದೊರೆಯದು. ಆ ಮೆಟ್ಟಿಲುಗಳು ಯಾವುವೆಂಬುದನ್ನು ಮೈಸೂರು, ಶಿವಮೊಗ್ಗ ಮತ್ತು ಮಂಗಳೂರು ನಿಲ್ದಾಣಗಳ ನಿದರ್ಶನದಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ರನ್‌ವೇಯ ಉದ್ದ

ವಿಮಾನವು ನೆಲವನ್ನು ಬಿಟ್ಟೇಳಬೇಕಾದರೆ ಒಂದು ನಿರ್ದಿಷ್ಟ ವೇಗವನ್ನು ಪಡೆಯಬೇಕು. ಆ ವೇಗವನ್ನು ಪಡೆಯುವಷ್ಟು ದೂರ ನೆಲದ ಮೇಲೆ ಓಡಬೇಕು. ಭಾರ ಹೆಚ್ಚಿದಷ್ಟೂ ಓಟದ ದೂರ ಹೆಚ್ಚುತ್ತದೆ. ಕಾದ ಗಾಳಿಯೂ ಎತ್ತರದ ಪ್ರದೇಶದ ಗಾಳಿಯೂ ತೆಳುವಾಗಿರುವುದರಿಂದ ರೆಕ್ಕೆಗಳಿಗೆ ದೊರೆಯುವ ಆಸರೆ ಕಡಿಮೆಯಾಗುತ್ತದೆ. ಮಳೆಯಿಂದ ತೊಯ್ದ ನೆಲದಲ್ಲಿ ಇಳಿದ ವಿಮಾನವು ನಿಲ್ಲಲು ಹೆಚ್ಚು ದೂರವನ್ನು ತೆಗೆದುಕೊಳ್ಳುತ್ತದೆ. ಆದುದರಿಂದ ರನ್‌ವೇಯ ಉದ್ದವು ಯಾವ ಗಾತ್ರದ ವಿಮಾನ ಬರಬಹುದೆಂಬುದನ್ನು ನಿರ್ಧರಿಸುತ್ತದೆ. ಬಂದೇ ಬರುವುದೆಂಬ ಭರವಸೆಯನ್ನು ಅದು ಕೊಡುವುದಿಲ್ಲ.

ಮೈಸೂರಿನ ಮಂಡಕಳ್ಳಿಯಲ್ಲಿ ರಾಜರ ಆಳ್ವಿಕೆಯ ಕಾಲದಲ್ಲಿ, 1940ರಲ್ಲಿ, ನಿರ್ಮಿತವಾದ ನಿಲ್ದಾಣವು ನವೀಕರಣಗೊಂಡು 2010ರಲ್ಲಿ ಮತ್ತೆ ತೆರೆಯಿತು. ಅದರ ರನ್‌ವೇ 1,740 ಮೀಟರು. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ಅಷ್ಟು ಉದ್ದವು ಸುಮಾರು 70 ಆಸನಗಳ ಎಟಿಆರ್ ವಿಮಾನಕ್ಕೆ ಒಗ್ಗುವಂಥದು. ನಂಜನಗೂಡಿಗೆ ಹೋಗುವ ಹೆದ್ದಾರಿ ಪಕ್ಕದಲ್ಲಿಯೇ ಹಾದುಹೋಗುವುದರಿಂದ ರನ್‌ವೇಯನ್ನು ಉದ್ದಗೊಳಿಸುವುದು ಸುಲಭದ ಮಾತಾಗಲಿಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟಿತವಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ರನ್‌ವೇಯಾದರೋ 3,200 ಮೀಟರು. ಸುಮಾರು 180 ಆಸನಗಳ ಏರ್‌ಬಸ್ 320ಕ್ಕೆ ಅದು ಧಾರಾಳವಾಗಿ ಸಾಕು. ಆದರೆ ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದಿಳಿದ ಮೊದಲ ವಾಣಿಜ್ಯ ವಿಮಾನವು ಎಟಿಆರ್ ಆಗಿತ್ತು.

ಈ ಎರಡು ಊರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ದಸರಾ ಉತ್ಸವ ಇವುಗಳಿಂದ ಮೈಸೂರು ದೇಶದಲ್ಲಿಯೇ ಹೆಸರುಗೊಂಡ ಪ್ರವಾಸಿಕ್ಷೇತ್ರ. ಅದಕ್ಕೆ ಪ್ರವಾಸಿಗರನ್ನು ತಂದುಕೊಟ್ಟುದು ಮುಖ್ಯವಾಗಿ ರೈಲು ಮತ್ತು ರಸ್ತೆ. ರನ್‌ವೇ ಗಿಡ್ಡದಾದುದರಿಂದ ಮೈಸೂರಿನ ಪ್ರವಾಸೋದ್ಯಮ ಬಾಡಲಿಲ್ಲ. ರನ್‌ವೇ ಉದ್ದವಾದ ಮಾತ್ರಕ್ಕೆ ಶಿವಮೊಗ್ಗಕ್ಕೆ ದೊಡ್ಡ ವಿಮಾನ ಒಡನೆಯೇ ಬರಲಿಲ್ಲ.

2. ಮಾರ್ಗ ಮತ್ತು ಸಹಾಯಧನ

ಎರಡನೆಯ ಮೆಟ್ಟಿಲು ಹಾರಾಟದ ಮಾರ್ಗ. ವಿಮಾನದ ಆಸನವು ತರಕಾರಿಯಂತೆ, ಅಂದು ಮಾರಾಟವಾಗದಿದ್ದರೆ ಮರುದಿನಕ್ಕೆ ಉಳಿಯದು. ಸಣ್ಣ ಊರಿನ ಮಾರ್ಗದಲ್ಲಿ ಆಸನಗಳು ತುಂಬುವ ಖಚಿತತೆಯಿಲ್ಲದಿರುವುದರಿಂದ ಸಂಸ್ಥೆಗಳು ಹಿಂಜರಿಯುವುದು ಸಹಜ. ಈ ಹಿಂಜರಿಕೆಯನ್ನು ನೀಗಿಸಲು ಕೇಂದ್ರ ಸರ್ಕಾರವು 2016ರಲ್ಲಿ ಉಡಾನ್ ಯೋಜನೆಯನ್ನು ಆರಂಭಿಸಿತು. ಅದರ ಮೊದಲ ವಿಮಾನವು 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದೆಹಲಿಗಳ ನಡುವೆ ಹಾರಿತು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ, ನಿಗದಿಪಡಿಸಿದಷ್ಟು ಆಸನಗಳಿಗೆ, 2,500 ರೂಪಾಯಿಗಳ ದರಮಿತಿಯನ್ನು ಹಾಕಿ, ಅದರಿಂದ ಸಂಸ್ಥೆಗೆ ಬೀಳುವ ಕೊರತೆಯನ್ನು ಮೂರು ವರ್ಷಗಳ ಕಾಲ ಸಹಾಯಧನದಿಂದ ತುಂಬಿಕೊಡುವುದು ಅದರ ಮೂಲಕ್ರಮ. ಮೂರು ವರ್ಷಗಳಲ್ಲಿ ಜನರಿಗೆ ರೂಢಿಯಾಗಿ, ಮಾರ್ಗವು ತನ್ನ ಕಾಲ ಮೇಲೆ ತಾನು ನಿಲ್ಲುವುದೆಂಬುದು ನಿರೀಕ್ಷೆ.

ಈ ನಿರೀಕ್ಷೆ ಎಷ್ಟರಮಟ್ಟಿಗೆ ಸಫಲವಾಯಿತೆಂಬುದಕ್ಕೆ ಭಾರತದ ಮಹಾಲೆಕ್ಕಪರಿಶೋಧಕರ 2023ರ ವರದಿಯಲ್ಲಿ ಉತ್ತರವಿದೆ. ಯೋಜನೆಯ ಮೂರನೆಯ ಹಂತದವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಮಾರ್ಗಗಳು ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ 112 ಮಾತ್ರ ಮೂರು ವರ್ಷಗಳ ಅವಧಿಯನ್ನು ಪೂರೈಸಿದುವು. ಅವಧಿ ಮುಗಿದ ಮೇಲೂ, 2023ರ ಮಾರ್ಚಿಯವರೆಗೆ, ಉಳಿದುಕೊಂಡವು 54. ಅಂದರೆ ಹಂಚಿಕೆಯಾದ ನೂರು ಮಾರ್ಗಗಳಲ್ಲಿ ಏಳು. ನಿಲ್ದಾಣಕ್ಕಾಗಿ ಕೊಟ್ಟ ಭೂಮಿ ಮರಳಿ ಗದ್ದೆಯಾಗುವುದಿಲ್ಲ. ಮಾರ್ಗವಾದರೋ ಒಂದು ವೇಳಾಪಟ್ಟಿಯ ಬದಲಾವಣೆಯಿಂದ ಇಲ್ಲವಾಗಬಹುದು. ಈ ವಿಷಯದ ಮುಖ್ಯ ತೊಡಕು ಇದೇ.

ಮಾರ್ಗದ ಆಯ್ಕೆಯೂ ವಿಚಾರಾರ್ಹ. ಶಿವಮೊಗ್ಗದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 300 ಕಿಲೋಮೀಟರು. ವೇಗದ ರೈಲಿನಲ್ಲಿ ಸುಮಾರು ಐದು ಗಂಟೆ. ವಿಮಾನದ ಹಾರಾಟವು ಒಂದು ಗಂಟೆಯದಾದರೂ, ಮುಂಚಿತವಾಗಿ ನಿಲ್ದಾಣವನ್ನು ಸೇರುವ ಮತ್ತು ದೇವನಹಳ್ಳಿಯಿಂದ ನಗರವನ್ನು ತಲಪುವ ಕಾಲವನ್ನು ಕೂಡಿಸಿದರೆ ಉಳಿತಾಯ ಅಲ್ಪವೇ. 2023ರ ನವೆಂಬರಿನಲ್ಲಿ ಆರಂಭವಾದ ಹೈದರಾಬಾದು, ತಿರುಪತಿ, ಗೋವಾ ಸಂಪರ್ಕಗಳಂತಹ ದೂರದ ಮಾರ್ಗಗಳಲ್ಲಿ ಈ ಉಳಿತಾಯ ಹೆಚ್ಚು. ಬೇರೆ ರೀತಿಯಲ್ಲಿ ಬರಲಾರದ ಪ್ರವಾಸಿ ಅಂತಹ ಮಾರ್ಗದಿಂದ ಬರಬಲ್ಲನು.

3. ಇಳಿದವರೆಷ್ಟು, ತಂಗಿದವರೆಷ್ಟು

ನಿಲ್ದಾಣದ ಲೆಕ್ಕವು ಪ್ರಯಾಣಿಕರ ಸಂಖ್ಯೆಯನ್ನು ಹೇಳುತ್ತದೆ. ಪ್ರವಾಸೋದ್ಯಮದ ಲೆಕ್ಕಕ್ಕೆ ಬೇಕಾದುದು ಊರಿನಲ್ಲಿ ಕಳೆದ ರಾತ್ರಿಗಳ ಸಂಖ್ಯೆ. ಇವೆರಡರ ಅಂತರವನ್ನು ಒಂದು ಕಾಲ್ಪನಿಕ ಗಣನೆಯಿಂದ ತಿಳಿಯಬಹುದು. ದಿನಕ್ಕೊಮ್ಮೆ ಬರುವ 72 ಆಸನಗಳ ವಿಮಾನದಲ್ಲಿ ನೂರಕ್ಕೆ 70ರಷ್ಟು ಆಸನ ತುಂಬಿದರೆ ಇಳಿಯುವವರು 50 ಮಂದಿ. ಅವರಲ್ಲಿ ಐದನೆಯ ಒಂದು ಪಾಲು, ಎಂದರೆ 10 ಮಂದಿ, ಪ್ರವಾಸಿಗರೆಂದೂ, ಇಬ್ಬರಿಗೆ ಒಂದು ಕೋಣೆಯಂತೆ ಎರಡು ರಾತ್ರಿ ತಂಗುವರೆಂದೂ ಭಾವಿಸೋಣ. ಆಗ ಯಾವುದೇ ರಾತ್ರಿ ತುಂಬಿರುವ ಕೋಣೆಗಳು ಹತ್ತು. ಅದೇ ಪ್ರಮಾಣದಲ್ಲಿ 180 ಆಸನಗಳ ವಿಮಾನ ಬಂದರೆ 25. ಪ್ರವಾಸಿಗರು ಎರಡರ ಬದಲು ನಾಲ್ಕು ರಾತ್ರಿ ಉಳಿದರೆ, ಸಣ್ಣ ವಿಮಾನದಿಂದಲೇ 20 ಕೋಣೆಗಳು ತುಂಬುತ್ತವೆ. ವಿಸ್ತರಣೆಗೆ ಕೋಟಿಗಟ್ಟಲೆ ರೂಪಾಯಿ ಬೇಕು. ತಂಗುವ ಕಾಲವನ್ನು ಹೆಚ್ಚಿಸಲು ಬೇಕಾದುದು ಒಳ್ಳೆಯ ರಸ್ತೆ, ಬಸ್ಸು, ಶುಚಿಯಾದ ವಸತಿ, ಸ್ಥಳವನ್ನು ತಿಳಿಸಿಹೇಳಬಲ್ಲ ಮಾರ್ಗದರ್ಶಿ.

ಶಿವಮೊಗ್ಗದ ಸುತ್ತ ನೋಡತಕ್ಕುವಕ್ಕೆ ಕೊರತೆಯಿಲ್ಲ. 253 ಮೀಟರು ಎತ್ತರದ ಜೋಗ, ಸಕ್ರೆಬೈಲಿನ ಆನೆ ಶಿಬಿರ, ಇಕ್ಕೇರಿ ಮತ್ತು ಬಳ್ಳಿಗಾವಿಯ ದೇವಾಲಯಗಳು, ಕುಪ್ಪಳಿ, ಆಗುಂಬೆ ಇವು ಜಿಲ್ಲೆಯಲ್ಲಿಯೇ ಇವೆ. ಆದರೆ ಇವು ಒಂದಕ್ಕೊಂದು ದೂರ. ಜೋಗವೇ ಶಿವಮೊಗ್ಗ ನಗರದಿಂದ ಸುಮಾರು 100 ಕಿಲೋಮೀಟರು. ಮತ್ತೊಂದು ವಿಪರ್ಯಾಸವನ್ನೂ ಗಮನಿಸಬೇಕು. ಜೋಗವು ಮೈದುಂಬಿ ಧುಮುಕುವುದು ಮಳೆಗಾಲದಲ್ಲಿ. ಮಲೆನಾಡಿನ ಆಕಾಶವು ವಿಮಾನಗಳಿಗೆ ಪ್ರತಿಕೂಲವಾಗುವುದೂ ಆಗಲೇ. ಹಗಲಿನ ಹಾರಾಟಕ್ಕೆ ಮಾತ್ರ ಸಜ್ಜಾಗಿ ಆರಂಭವಾದ ನಿಲ್ದಾಣದಲ್ಲಿ ಮಂಜು, ಮೋಡಗಳಿಂದ ವಿಮಾನ ತಡವಾಗುವುದೂ ರದ್ದಾಗುವುದೂ ಸಹಜ. ಮಸುಕಿನಲ್ಲಿಯೂ ದಾರಿತೋರುವ ಉಪಕರಣಗಳು ಇಂತಹ ಪ್ರದೇಶದಲ್ಲಿ ರನ್‌ವೇಯ ಉದ್ದದಷ್ಟೇ ಮುಖ್ಯ.

4. ಉದ್ಯೋಗದ ನಾಲ್ಕು ಬಗೆ

ನಿಲ್ದಾಣದಿಂದ ಹುಟ್ಟುವ ಉದ್ಯೋಗವನ್ನು ಅರ್ಥಶಾಸ್ತ್ರಜ್ಞರು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ನಿಲ್ದಾಣದ ಆವರಣದೊಳಗಿನ ಕೆಲಸಗಳು ನೇರ ಉದ್ಯೋಗ. ನಿಲ್ದಾಣಕ್ಕೆ ಸರಕು, ಸೇವೆಗಳನ್ನು ಒದಗಿಸುವವರದು ಪರೋಕ್ಷ ಉದ್ಯೋಗ. ಈ ಇಬ್ಬರೂ ತಮ್ಮ ಸಂಪಾದನೆಯನ್ನು ಪೇಟೆಯಲ್ಲಿ ಖರ್ಚುಮಾಡುವುದರಿಂದ ಹುಟ್ಟುವುದು ಪ್ರೇರಿತ ಉದ್ಯೋಗ. ಸಂಪರ್ಕದ ಅನುಕೂಲದಿಂದ ಜಿಲ್ಲೆಯಲ್ಲಿ ಬೆಳೆಯುವ ಹೋಟೆಲು, ಉದ್ದಿಮೆ, ವ್ಯಾಪಾರಗಳಲ್ಲಿನದು ನಾಲ್ಕನೆಯದು. ಇದನ್ನು ವೇಗವರ್ಧಕ ಉದ್ಯೋಗವೆನ್ನಬಹುದು.

ಸಾಮಾನ್ಯವಾಗಿ ಭಾಷಣಗಳಲ್ಲಿ ಕೇಳಿಬರುವ ದೊಡ್ಡ ಸಂಖ್ಯೆಗಳು ಈ ನಾಲ್ಕನ್ನೂ ಕೂಡಿಸಿ ಬಂದವು. ಆದರೆ ನಾಲ್ಕೂ ಒಂದೇ ಸಮನಾಗಿ ಸ್ಥಳೀಯರಿಗೆ ದೊರೆಯುವುದಿಲ್ಲ. ವಿಮಾನ ಸಂಚಾರ ನಿಯಂತ್ರಣದಂತಹ ಹುದ್ದೆಗಳಿಗೆ ವಿಶೇಷ ಶಿಕ್ಷಣವೂ ಅಖಿಲ ಭಾರತ ಮಟ್ಟದ ಆಯ್ಕೆಯೂ ಉಂಟು. ಹತ್ತಿರದ ಹಳ್ಳಿಯವರಿಗೆ ಸುಲಭವಾಗಿ ಸಿಗುವುದು ಶುಚಿಕಾರ್ಯ, ಸಾಮಾನು ಸಾಗಣೆ, ಕಾವಲು, ಟ್ಯಾಕ್ಸಿ. ಇವುಗಳಲ್ಲಿ ಬಹಳಷ್ಟು ಗುತ್ತಿಗೆಯವು. ಗದ್ದೆ ತೋಟಗಳನ್ನು ಬಿಟ್ಟುಕೊಟ್ಟ ಒಡೆಯನಿಗೆ ಪರಿಹಾರವಾದರೂ ಇದೆ. ಅದೇ ಗದ್ದೆಯಲ್ಲಿ ಕೂಲಿಮಾಡುತ್ತಿದ್ದವನ ಹೆಸರು ಯಾವ ಪಹಣಿಯಲ್ಲಿಯೂ ಇರುವುದಿಲ್ಲ. ಆದುದರಿಂದ ಹೊಸದಾಗಿ ಹುಟ್ಟಿದ ಉದ್ಯೋಗಗಳಿಂದ ಕಳೆದುಹೋದ ಕೂಲಿದಿನಗಳನ್ನು ಕಳೆಯದೆ ಲಾಭವನ್ನು ಹೇಳುವುದು ನ್ಯಾಯವಾಗದು.

5. ಮಂಗಳೂರಿನ ನಿದರ್ಶನ

ಹಾಗಾದರೆ ವಿಸ್ತರಣೆಯಿಂದ ಜಿಲ್ಲೆಯ ಬಾಳು ಬದಲಾದ ಉದಾಹರಣೆಯೇ ಇಲ್ಲವೇ? ಉಂಟು. 1951ರಲ್ಲಿ ಆರಂಭವಾದ ಬಜ್ಪೆ ನಿಲ್ದಾಣಕ್ಕೆ 2006ರಲ್ಲಿ 2,450 ಮೀಟರಿನ ಎರಡನೆಯ ರನ್‌ವೇ ದೊರೆಯಿತು. ಅದೇ ವರ್ಷ ದುಬೈಗೆ ನೇರ ವಿಮಾನ ಹೊರಟಿತು. ಇಲ್ಲಿ ಬೇಡಿಕೆ ಮೊದಲೇ ಇದ್ದಿತು: ಕರಾವಳಿಯ ಸಾವಿರಾರು ಕುಟುಂಬಗಳ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದರು. ಗಮನಾರ್ಹವಾದ ಸಂಗತಿಯೆಂದರೆ, ಈ ಮಾರ್ಗವನ್ನು ಪೋಷಿಸಿದವನು ಒಳಬರುವ ಪ್ರವಾಸಿಗಿಂತ ಹೆಚ್ಚಾಗಿ ಹೊರಹೋಗುವ ದುಡಿಮೆಗಾರ. ಉದ್ಯೋಗವಿದ್ದುದು ಸಮುದ್ರದಾಚೆ, ಅದರ ಹಣ ಮರಳಿ ಬಂದು ಊರಿನಲ್ಲಿ ಮನೆ, ಅಂಗಡಿ, ಶಿಕ್ಷಣಗಳ ರೂಪವನ್ನು ತಾಳಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಗುಡ್ಡದ ಮೇಲಣ ಆ ರನ್‌ವೇಯನ್ನು ಮೀರಿ ಕಣಿವೆಗೆ ಉರುಳಿ 158 ಜನರು ಮಡಿದ ದುರಂತವು, ವಿಸ್ತರಣೆಯೆಂಬುದು ಲಾಭದ ಲೆಕ್ಕವಷ್ಟೇ ಅಲ್ಲ, ಪ್ರಾಣರಕ್ಷಣೆಯ ಲೆಕ್ಕವೂ ಹೌದೆಂಬುದನ್ನು ನೆನಪಿಗೆ ತರುತ್ತದೆ.

6. ಉಪಸಂಹಾರ

ಈ ಮೂರು ನಿದರ್ಶನಗಳಿಂದ ತಿಳಿದುಬರುವುದಿಷ್ಟು: ಇದ್ದ ಬೇಡಿಕೆಗೆ ನಿಲ್ದಾಣವು ಬಾಗಿಲನ್ನು ತೆರೆಯಬಲ್ಲುದು; ಇಲ್ಲದ ಬೇಡಿಕೆಯನ್ನು ಒಂದೇ ಸಲಕ್ಕೆ ಸೃಷ್ಟಿಸಲಾರದು. ಆದುದರಿಂದ ವಿಸ್ತರಣೆಯ ಫಲವನ್ನು ಅಳೆಯುವಾಗ ಎಷ್ಟು ಮಂದಿ ಇಳಿದರೆಂದು ಕೇಳಿದರೆ ಸಾಲದು. ಅವರು ಎಷ್ಟು ರಾತ್ರಿ ಉಳಿದರು, ಅವರು ಕೊಟ್ಟ ಹಣದಲ್ಲಿ ಜಿಲ್ಲೆಯೊಳಗೆ ಉಳಿದುದೆಷ್ಟು, ಭೂಮಿ ಕಳೆದುಕೊಂಡ ಹಳ್ಳಿಯವರಲ್ಲಿ ಎಷ್ಟು ಮಂದಿಗೆ ಮೂರು ವರ್ಷಗಳ ನಂತರವೂ ಕೆಲಸವಿದೆ ಎಂಬ ಪ್ರಶ್ನೆಗಳನ್ನೂ ಕೇಳಬೇಕು. ಇವುಗಳಿಗೆ ಉತ್ತರ ದೊರೆಯುವುದು ವಸತಿಗೃಹಗಳ ದಾಖಲೆಗಳಲ್ಲಿ, ಟ್ಯಾಕ್ಸಿ ನಿಲ್ದಾಣಗಳಲ್ಲಿ, ಹಳ್ಳಿಯ ಮನೆಮನೆಗಳಲ್ಲಿ. ಜಿಲ್ಲೆಯ ಕಾಲೇಜುಗಳ ಅರ್ಥಶಾಸ್ತ್ರ ಮತ್ತು ಭೂಗೋಳ ವಿಭಾಗಗಳು ವರ್ಷಕ್ಕೊಮ್ಮೆ ಇಂತಹ ಸಮೀಕ್ಷೆಯನ್ನು ಕೈಗೊಂಡರೆ, ಮುಂದೆ ಮತ್ತೊಂದು ಹಳ್ಳಿಯ ಭೂಮಿಯನ್ನು ಕೇಳುವ ದಿನ ಬಂದಾಗ, ಕೇಳುವವರ ಕೈಯಲ್ಲಿಯೂ ಕೊಡುವವರ ಕೈಯಲ್ಲಿಯೂ ನಂಬತಕ್ಕ ಲೆಕ್ಕವೊಂದು ಇರುವುದು.