ಉರಿಮೂತ್ರಕ್ಕೆ ಯಾವ ಮಾತ್ರೆ, ಎಷ್ಟು ದಿನ?

ಮೂತ್ರ ಉರಿದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎಳನೀರು, ಬಾರ್ಲಿ ನೀರು, ಮಜ್ಜಿಗೆ ಆಗುತ್ತದೆ. ಅದಕ್ಕೂ ತಗ್ಗದಿದ್ದರೆ ಮೂಲೆಯ ಮೆಡಿಕಲ್ ಶಾಪಿನಿಂದ ನಾಲ್ಕು ಮಾತ್ರೆ ತರುತ್ತಾರೆ. ಸಿಪ್ರೊಫ್ಲಾಕ್ಸಾಸಿನ್ ಇರಬಹುದು, ಸೆಫಿಕ್ಸಿಮ್ ಇರಬಹುದು. ಎರಡು ಹೊತ್ತಿಗೆ ಉರಿ ಇಳಿದರೆ ಉಳಿದ ಮಾತ್ರೆ ಡಬ್ಬಿ ಸೇರುತ್ತದೆ, ಮುಂದಿನ ಸಲಕ್ಕೋ ನಾದಿನಿಗೋ ಆಗಲಿ ಎಂದು.

ಇದು ನಿಲ್ಲಲೇಬೇಕು. ಮೂತ್ರದ ಸೋಂಕಿಗೆ ಮುಖ್ಯ ಕಾರಣ ಕರುಳಿನಲ್ಲೇ ವಾಸವಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ ಉದ್ದ. ಬ್ಯಾಕ್ಟೀರಿಯ ಮೂತ್ರಕೋಶ ಸೇರಲು ಹೆಚ್ಚು ಹೊತ್ತು ಬೇಕಿಲ್ಲ. ಇಡೀ ದಿನ ಶೌಚಾಲಯ ಸಿಗದೆ, ನೀರೂ ಕುಡಿಯದೆ, ಮೂತ್ರ ತಡೆದುಕೊಂಡು ದುಡಿಯುವ ಹೆಂಗಸರಿಗೆ ಈ ತೊಂದರೆ ಮತ್ತೆ ಮತ್ತೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ಆಸ್ಪತ್ರೆಗಳಲ್ಲಿ ಪತ್ತೆಯಾಗುವ ಇ. ಕೋಲೈಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ರೊಫ್ಲಾಕ್ಸಾಸಿನ್‌ಗೆ ಜಗ್ಗುವುದಿಲ್ಲ. ಈ ಔಷಧದಿಂದ ಸ್ನಾಯುರಜ್ಜು, ನರಗಳಿಗೆ ಹಾನಿಯಾಗುವ ಅಪಾಯ ಬೇರೆ. ಬೇರೆ ದಾರಿ ಇರುವಾಗ ಸಾಮಾನ್ಯ ಮೂತ್ರ ಸೋಂಕಿಗೆ ಈ ಗುಂಪಿನ ಔಷಧ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಎಚ್ಚರಿಸಿತು. ಇನ್ನು ಸೆಫಿಕ್ಸಿಮ್ ಮಾರುವ ಅಂಗಡಿಯವರು ವೈದ್ಯರ ಚೀಟಿ ನೋಡಿ, ರೋಗಿಯ ಹೆಸರು ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮ 2014ರಿಂದಲೇ ಜಾರಿಯಲ್ಲಿದೆ.

ಹಾಗಾದರೆ ಯಾವುದು? 1953ರಿಂದ ಬಳಕೆಯಲ್ಲಿರುವ ನೈಟ್ರೊಫ್ಯುರಾಂಟೊಯಿನ್. ದುಬಾರಿಯಲ್ಲ, ಹೊಸತೂ ಅಲ್ಲ, ಆದರೂ ಬಹುಪಾಲು ಇ. ಕೋಲೈ ಇಂದಿಗೂ ಇದಕ್ಕೆ ಸೋಲುತ್ತದೆ. ಬ್ಯಾಕ್ಟೀರಿಯದ ಒಂದೇ ಭಾಗಕ್ಕಲ್ಲ, ಹಲವು ಭಾಗಗಳಿಗೆ ಒಟ್ಟಿಗೇ ಪೆಟ್ಟು ಕೊಡುವುದರಿಂದ ಇದರಿಂದ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭವಲ್ಲ. ರಕ್ತದಲ್ಲಿ ಹೆಚ್ಚು ನಿಲ್ಲದೆ ಮೂತ್ರದಲ್ಲೇ ಸಾಂದ್ರವಾಗುತ್ತದೆ. ಮೂತ್ರಕೋಶದ ಸರಳ ಸೋಂಕಿಗೆ ದೊಡ್ಡವರಿಗೆ ನಿಧಾನವಾಗಿ ಬಿಡುಗಡೆಯಾಗುವ 100 ಮಿಲಿಗ್ರಾಂ ಮಾತ್ರೆ ದಿನಕ್ಕೆ 2 ಸಲ, ಊಟದ ಜೊತೆ, 5 ದಿನ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ.

ಮೂತ್ರದಲ್ಲಷ್ಟೇ ಸೇರುವ ಈ ಗುಣವೇ ಇದರ ಮಿತಿಯೂ ಹೌದು. ಚಳಿಜ್ವರ, ಪಕ್ಕೆ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಲ್ಲಿನ ಅಂಗಾಂಶಕ್ಕೆ ಸಾಕಷ್ಟು ಔಷಧ ತಲುಪುವುದಿಲ್ಲ. ಅಂಥವರು ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂತ್ರಪಿಂಡ ದುರ್ಬಲವಾದವರಿಗೂ, ಹೆರಿಗೆ ಹತ್ತಿರವಿರುವ ಗರ್ಭಿಣಿಯರಿಗೂ ಈ ಮಾತ್ರೆ ಸಲ್ಲದು. ಮೂತ್ರಕೋಶದ ಸರಳ ಸೋಂಕಿಗೆ ಫೋಸ್ಫೊಮೈಸಿನ್ ಪುಡಿಯ 3 ಗ್ರಾಂ ಒಂದೇ ಸಲ ನೀರಿನಲ್ಲಿ ಕಲಸಿ ಕುಡಿಯುವುದು ಇನ್ನೊಂದು ಒಳ್ಳೆಯ ಆಯ್ಕೆ. ಹಳೆಯ ಕೋ-ಟ್ರೈಮೊಕ್ಸಜೋಲ್ 3 ದಿನಕ್ಕೆ ಸಾಕಾಗುತ್ತದೆ, ಆದರೆ ಮೂತ್ರದ ಬ್ಯಾಕ್ಟೀರಿಯ ಬೆಳೆಸಿ ಯಾವ ಔಷಧ ನಾಟುತ್ತದೆಂದು ನೋಡುವ ಕಲ್ಚರ್ ಪರೀಕ್ಷೆಯ ವರದಿ ಅದಕ್ಕೆ ಒಪ್ಪಿದರೆ ಮಾತ್ರ.

ಹೆಚ್ಚು ದಿನ ನುಂಗಿದರೆ ಹೆಚ್ಚು ಗುಣ ಎಂಬ ನಂಬಿಕೆಯನ್ನೂ ಬಿಡಬೇಕು. ಬೇಕಿಲ್ಲದ ದಿನಗಳಲ್ಲಿ ಔಷಧ ಕರುಳಿನ ಒಳ್ಳೆಯ ಬ್ಯಾಕ್ಟೀರಿಯವನ್ನು ಕೊಂದು, ಬಗ್ಗದವನ್ನು ಬೆಳೆಸುತ್ತದೆ. ಗಂಡಸರಿಗೆ ಸಾಮಾನ್ಯವಾಗಿ 7 ದಿನ. ಸೋಂಕು ಪ್ರಾಸ್ಟೇಟ್‌ಗೆ ತಗುಲಿದ್ದರೆ ಲೆಕ್ಕ ಬೇರೆ.

ಗರ್ಭಿಣಿಯರು, ಗಂಡಸರು, ಸಕ್ಕರೆ ಕಾಯಿಲೆಯವರು, ಪದೇ ಪದೇ ಸೋಂಕು ಬರುವವರು ಮೂತ್ರದ ಕಲ್ಚರ್ ಮಾಡಿಸಲೇಬೇಕು. ಮೊದಲ ಮಾತ್ರೆ ನುಂಗುವ ಮುನ್ನವೇ ಮಾದರಿ ಕೊಡಿ. ಮೊದಲ ಧಾರೆ ಬಿಟ್ಟು ನಡುವಿನ ಧಾರೆಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು ತಡಮಾಡದೆ ಪ್ರಯೋಗಾಲಯಕ್ಕೆ ತಲುಪಿಸಿ. ಮಾತ್ರೆ ನುಂಗಿದ ಮೇಲೆ ಕೊಟ್ಟರೆ ಬ್ಯಾಕ್ಟೀರಿಯ ಬೆಳೆಯದೇ ಹೋಗಬಹುದು. ಆಗ ಯಾವ ಔಷಧ ನಾಟುತ್ತದೆಂದು ಹೇಳುವವರೇ ಇಲ್ಲ.

ಉರಿ, ಜ್ವರ ಏನೂ ಇಲ್ಲದ ಅಜ್ಜಿಯ ವರದಿಯಲ್ಲಿ ಬ್ಯಾಕ್ಟೀರಿಯ ಕಂಡಿತೆಂದು ಆ್ಯಂಟಿಬಯೋಟಿಕ್ ಕೊಡಿಸುವುದು ಬೇಡ. ಗರ್ಭಿಣಿಗೆ ಮಾತ್ರ ಲಕ್ಷಣ ಇಲ್ಲದಿದ್ದರೂ ಚಿಕಿತ್ಸೆ ಬೇಕು, ಸೋಂಕು ಮೂತ್ರಪಿಂಡಕ್ಕೆ ಏರುವ ಅಪಾಯ ಆಕೆಗೆ ಹೆಚ್ಚು. ಉಳಿದವರಿಗೆ ಉರಿ ಪೂರ್ತಿ ನಿಂತ ಮೇಲೆ ಮತ್ತೆ ಪರೀಕ್ಷೆಯ ಅಗತ್ಯವಿಲ್ಲ. ಎರಡು ವಾರದೊಳಗೆ ಮರಳಿ ಬಂದರೆ ಅದೇ ಮಾತ್ರೆಯನ್ನು ಮತ್ತೆ ಕೊಳ್ಳದೆ, ಹೊಸದಾಗಿ ಕಲ್ಚರ್ ಮಾಡಿಸಿ ವೈದ್ಯರನ್ನು ಕಾಣಬೇಕು.